ಹೊಸನಗರದ ಮಳೆಗೆ ಜಂಬಿಟ್ಟಿಗೆ ಮನೆ ತಾಳುತ್ತದೆಯೇ, ಅದು ಪರಿಸರಕ್ಕೂ ಒಳ್ಳೆಯದೇ?

ಹೊಸನಗರದ ಬಳಿ ಮನೆ ಕಟ್ಟಿಸಲು ಹೊರಟಿರುವ ನೀವು, ಜಂಬಿಟ್ಟಿಗೆ (ನೆಲದಿಂದ ಕತ್ತರಿಸಿ ತೆಗೆಯುವ ಕೆಂಪು ಕಲ್ಲು, ಲ್ಯಾಟರೈಟ್) ನಿಜಕ್ಕೂ ಪರಿಸರಕ್ಕೆ ಒಳ್ಳೆಯದೋ, ನಮ್ಮ ಕಡೆಯ ಮಳೆಗೆ ಅದು ತಾಳುತ್ತದೆಯೋ ಎಂದು ಕೇಳಿದ್ದೀರಿ. ಈ ಭಾಗದಲ್ಲಿ ಮನೆಗಳ ಕಾಮಗಾರಿ ನೋಡಿಕೊಳ್ಳುವ ಎಂಜಿನಿಯರ್ ಆಗಿ ಎರಡಕ್ಕೂ ಹೌದೆನ್ನುತ್ತೇನೆ. ಆದರೆ ಮನೆಯ ಭಾರವನ್ನು ಆ ಕಲ್ಲೇ ಹೊರುವಂತೆ ಕಟ್ಟಿದಾಗ ಮಾತ್ರ.

ಇಟ್ಟಿಗೆ ಸುಡಲು ಸುಮಾರು 900ರಿಂದ 1,000 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಸಿಮೆಂಟಿನ ಗೂಡಿನಲ್ಲಿ ಅದು 1,450 ಡಿಗ್ರಿಯ ಹತ್ತಿರ ಹೋಗುತ್ತದೆ. ಅಲ್ಲದೆ ಸುಣ್ಣದಕಲ್ಲು ಬೇಯುವಾಗ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಬರುವುದರಿಂದ, ಯಾವ ಉರುವಲು ಬಳಸಿದರೂ ಆ ಹೊರೆ ಪೂರ್ತಿ ತಪ್ಪುವುದಿಲ್ಲ. ಜಂಬಿಟ್ಟಿಗೆಗೆ ಗೂಡೇ ಬೇಡ. ಬಂಡೆ ಲಕ್ಷಾಂತರ ವರ್ಷಗಳ ಮಳೆ ಬಿಸಿಲಿಗೆ ಶಿಥಿಲವಾಗಿ, ಕರಗುವ ಅಂಶಗಳು ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯುಮಿನಿಯಂ ಆಕ್ಸೈಡುಗಳು ಹೆಚ್ಚಾಗಿ ಉಳಿದು ಆದ ಕಲ್ಲು ಅದು. ನೆಲದೊಳಗೆ ಮೆತ್ತಗಿದ್ದು, ಕತ್ತರಿಸಿ ಗಾಳಿಗಿಟ್ಟ ಮೇಲೆ ಗಟ್ಟಿಯಾಗುತ್ತದೆ. ಅದಕ್ಕೆ ತಗಲುವುದು ಮುಖ್ಯವಾಗಿ ಕತ್ತರಿಸುವ ಯಂತ್ರದ ಮತ್ತು ಲಾರಿಯ ಡೀಸೆಲ್. ಆದ್ದರಿಂದ ಹತ್ತಿರದ ಕಲ್ಲನ್ನೇ ಹುಡುಕಿ. ದೂರದ ಜಿಲ್ಲೆಯಿಂದ ತರಿಸಿ ಪಾಲಿಶ್ ಮಾಡಿಸಿದ ಗ್ರಾನೈಟೂ ನೈಸರ್ಗಿಕ ಕಲ್ಲೇ ಆದರೂ ಅದರ ಲೆಕ್ಕ ಬೇರೆ.

ಈಚೆಗೆ ಕಾಂಕ್ರೀಟಿನ ಪಿಲ್ಲರು, ಬೀಮುಗಳನ್ನೆಲ್ಲ ಎಬ್ಬಿಸಿ ಜಂಬಿಟ್ಟಿಗೆಯನ್ನು ನಡುವೆ ತುಂಬುವುದು, ಇಲ್ಲವೇ ಸಿಮೆಂಟ್ ಬ್ಲಾಕಿನ ಗೋಡೆಗೆ ಅದರ ತೆಳು ಹಲಗೆ ಅಂಟಿಸುವುದು ರೂಢಿಯಾಗುತ್ತಿದೆ. ಇದನ್ನು ಕಂಡರೆ ನನಗೆ ಬಹಳ ಬೇಸರವಾಗುತ್ತದೆ, ಏಕೆಂದರೆ ಉಳಿಯಬೇಕಾಗಿದ್ದ ಸಿಮೆಂಟು, ಕಬ್ಬಿಣ ಯಾವುದೂ ಉಳಿಯದೆ ಕಲ್ಲು ಬರೀ ಅಲಂಕಾರವಾಗುತ್ತದೆ. ಜಂಬಿಟ್ಟಿಗೆಗಾಗಿ ಇರುವ ಭಾರತೀಯ ಮಾನಕ 3620 ಪ್ರತಿ ಚದರ ಮಿಲಿಮೀಟರಿಗೆ ಕನಿಷ್ಠ 3.5 ನ್ಯೂಟನ್ ಒತ್ತಡ ತಾಳುವ ಶಕ್ತಿಯನ್ನು ಕೇಳುತ್ತದೆ. ಗಟ್ಟಿ ನೆಲದ ಮೇಲೆ, ಲಿಂಟಲ್ ಮಟ್ಟದಲ್ಲಿ, ಅಂದರೆ ಬಾಗಿಲು ಕಿಟಕಿಗಳ ಮೇಲ್ತುದಿಯಲ್ಲಿ, ಸುತ್ತಲೂ ಕಾಂಕ್ರೀಟ್ ಪಟ್ಟಿ ಕೊಟ್ಟು ಕಟ್ಟುವ ಸಾಧಾರಣ ಅಳತೆಯ ಒಂದಂತಸ್ತಿನ ಮನೆಗೆ ಅಷ್ಟು ಸಾಕು. ಮಣ್ಣು ತುಂಬಿಸಿದ ಜಾಗವಾದರೆ ಅಥವಾ ಮೇಲೆ ಇನ್ನೊಂದು ಅಂತಸ್ತು ಬೇಕಿದ್ದರೆ ಸ್ಥಳ ನೋಡಿ ಲೆಕ್ಕ ಹಾಕಿಸಲೇಬೇಕು.

ಕಲ್ಲಿನ ಆಯ್ಕೆಯಲ್ಲಿ ಅವಸರ ಬೇಡ. ಕ್ವಾರಿಯ ಆಳಕ್ಕೆ ಹೋದಂತೆ ಜೇಡಿಯ ಅಂಶ ಹೆಚ್ಚುತ್ತದೆ. ಒಡೆದ ಮೈಯಲ್ಲಿ ಬಿಳಿ ಜೇಡಿಯ ಗಂಟುಗಳು ಕಂಡರೆ, ಉಗುರಿನಿಂದ ಕೆರೆದಾಗ ಮಣ್ಣು ಉದುರಿದರೆ ಆ ಲೋಡನ್ನು ಇಳಿಸಿಕೊಳ್ಳಬೇಡಿ. ಅನುಮಾನವಿದ್ದರೆ ಚೆನ್ನಾಗಿ ಒಣಗಿದ ಒಂದು ಕಲ್ಲನ್ನು ತೂಗಿ, ಇಡೀ ಒಂದು ದಿನ ನೀರಿನಲ್ಲಿ ಮುಳುಗಿಸಿಟ್ಟು, ಮೈ ಒರೆಸಿ ಮತ್ತೆ ತೂಗಿ. ಮಾನಕದ ಪ್ರಕಾರ ಹೀರಿಕೆ ಶೇ 12 ಮೀರಬಾರದು, ಅಂದರೆ 30 ಕಿಲೋ ಕಲ್ಲು 3.6 ಕಿಲೋಗಿಂತ ಹೆಚ್ಚು ನೀರು ಕುಡಿದರೆ ಅದು ಹೊರಗೋಡೆಗೆ ಬೇಡ.

ಮಳೆಯ ವಿಷಯಕ್ಕೆ ಬಂದರೆ, ಕುಮಟಾ ಬಳಿಯ ಮಿರ್ಜಾನ್ ಕೋಟೆ ಇದೇ ಜಾತಿಯ ಕಲ್ಲಿನದು, ಕರಾವಳಿಯ ಮಳೆಗೆ ಶತಮಾನಗಳಿಂದ ಮೈಯೊಡ್ಡಿ ನಿಂತಿದೆ. ಆದರೆ ಕೋಟೆಯ ಗೋಡೆ ಒದ್ದೆಯಾದರೆ ಯಾರಿಗೂ ತೊಂದರೆಯಿಲ್ಲ, ಮನೆಯೊಳಗೆ ಥಂಡಿ ಇಳಿಯಬಾರದು. ಅದಕ್ಕೆ ಪಂಚಾಂಗವನ್ನು, ಅಂದರೆ ಗೋಡೆಯ ಕೆಳಗಿನ ತಳಪಾಯವನ್ನು, ಕರಿಕಲ್ಲಿನಲ್ಲಿ ನೆಲದಿಂದ ಎರಡಡಿಯಾದರೂ ಎತ್ತರಿಸಿ, ಅದರ ಮೇಲೆ ತೇವ ತಡೆಯುವ ಪದರ ಕೊಟ್ಟು, ಹಂಚಿನ ಮಾಡಿನ ಸೂರನ್ನು ಗೋಡೆಯಿಂದ ಮೂರಡಿ ಮುಂದಕ್ಕೆ ಚಾಚಿಸಿ. ಹೊರಮೈಗೆ ಪ್ಲಾಸ್ಟಿಕ್ಕಿನಂತೆ ಮುಚ್ಚಿಕೊಳ್ಳುವ ಪೇಂಟ್ ಬಳಿಸಬೇಡಿ, ಒಳಗೆ ಸೇರಿದ ತೇವ ಆರಲು ದಾರಿಯಿಲ್ಲದೆ ಕಲ್ಲಿನ ಮೈ ಪುಡಿಯಾಗಿ ಉದುರುತ್ತದೆ. ಸಂದಿಗೆ ಸುಣ್ಣದ ಗಾರೆ ಉತ್ತಮ. ಅದನ್ನು ಬಲ್ಲ ಮೇಸ್ತ್ರಿ ಸಿಗದಿದ್ದರೆ ಸಿಮೆಂಟ್ ಗಾರೆಯನ್ನೇ ಬಳಸಿ, ಆದರೆ ಅದರಲ್ಲಿ ಸಿಮೆಂಟನ್ನು ಕಡಿಮೆ ಹಾಕಿ. ಮಣ್ಣಿನ ಗಾರೆಯಲ್ಲಿ ಕಟ್ಟಿದ ಹಳೆಯ ಮನೆ ಕೆಡವಿದಾಗ ಕಲ್ಲುಗಳು ಇಡಿಯಾಗಿ ಬಿಡಿಸಿಕೊಂಡು ಬಂದು ಮತ್ತೊಂದು ಮನೆಗೆ ಹೋಗುವುದನ್ನು ನಮ್ಮೂರುಗಳಲ್ಲಿ ಈಗಲೂ ಕಾಣಬಹುದು. ಗಟ್ಟಿ ಸಿಮೆಂಟು ಹಿಡಿದ ಕಲ್ಲು ಒಡೆಯದೆ ಬಿಡುವುದಿಲ್ಲ.

ಜಂಬಿಟ್ಟಿಗೆಯ ಗುಡ್ಡ ಮಳೆನೀರನ್ನು ಇಂಗಿಸಿಕೊಂಡು ಕೆಳಗಿನ ಒರತೆಗಳಿಗೆ, ಬಾವಿಗಳಿಗೆ ಕೊಡುತ್ತದೆ. ಅದನ್ನು ಮನಬಂದಂತೆ ಬಗೆದು, ಹೊಂಡವನ್ನು ಮುಚ್ಚದೆ ಬಿಟ್ಟುಹೋದ ಕ್ವಾರಿಯ ಕಲ್ಲು ಎಷ್ಟು ಅಗ್ಗವಾದರೂ ತರಬೇಡಿ. ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಪರ್ಮಿಟ್ ಕೇಳಿ, ಸಾಧ್ಯವಾದರೆ ಕ್ವಾರಿಗೆ ಒಮ್ಮೆ ಹೋಗಿ ನೋಡಿ. ಮಳೆಗಾಲ ಮುಗಿದು ನೆಲ ಆರಿದ ಮೇಲೆ ಕಡಿದ ಕಲ್ಲನ್ನು ತರಿಸಿ, ಗಾಳಿಯಾಡುವಂತೆ ಸಂದಿ ಬಿಟ್ಟು ಪೇರಿಸಿ ಒಣಗಿಸಿದರೆ, ಬೇಸಿಗೆಯಲ್ಲಿ ಗೋಡೆ ಎಬ್ಬಿಸಿ ಜೂನ್ ಮಳೆಗೆ ಮೊದಲೇ ಹಂಚು ಹೊದಿಸಬಹುದು.