ಮಗು ಬರೋ ತನಕ ಏನು ಮಾಡಲಿ ಅಂತ ಕೆನಡಾದ ಬ್ರಾಂಪ್ಟನ್‌ನಿಂದ ಕೇಳಿದ ಮಂಡ್ಯದ ತಂಗಿಗೆ

ಅಕ್ಕ ಅಂತ ಕರೆದು ಬರೆದಿದ್ದೀಯ, ಹಾಗಾಗಿ ನೀನು ಅಂತಲೇ ಬರೀತೀನಿ. ಮಂಡ್ಯದಿಂದ ಬ್ರಾಂಪ್ಟನ್‌ಗೆ ಬಂದು ವರ್ಷ ದಾಟಿದೆ. ಭಾರತದಿಂದ ಮಗುವನ್ನ ದತ್ತು ತಗೊಳ್ಳೋಕೆ ಹೆಸರು ಕೊಟ್ಟು, ಹೋಮ್ ಸ್ಟಡಿ (ಮನೆ, ಸಂಸಾರ ನೋಡಿ ವರದಿ ಬರೆಯೋದು) ಮುಗಿಸಿ ಸರದಿಯಲ್ಲಿದ್ದೀರಿ. ಮಗು ಯಾವಾಗ ಬರುತ್ತೋ ಗೊತ್ತಿಲ್ಲ, ಕೆಲಸಕ್ಕೆ ಸೇರೋದಾ ಬೇಡವಾ? ಈ ಚಳೀಲಿ ದಿನ ಹೇಗೆ ದೂಡೋದು? "ನೆಂಟರಲ್ಲೇ ಒಂದು ಮಗು ತಗೊಂಡ್ಬಿಡಿ" ಅನ್ನೋ ಅತ್ತೆಗೆ ಏನು ಹೇಳೋದು? ಇಷ್ಟು ತಾನೆ ನಿನ್ನ ಪ್ರಶ್ನೆ.

ಕೆಲಸಕ್ಕೆ ಸೇರು. ನಾಳೆಯೇ ಸಿಕ್ಕಿದರೆ ನಾಳೆಯೇ. "ಮಗು ಬಂದ ಮೇಲೆ ಬಿಡಲೇಬೇಕಲ್ಲ, ಈಗ ಯಾಕೆ" ಅಂತ ನಿಮ್ಮನೆಯವರು ಅಂದ್ರಂತೆ. ಲೆಕ್ಕ ಇರೋದು ತಿರುಗುಮುರುಗು. ಇಲ್ಲಿ ದತ್ತು ತಾಯಿಗೂ ಸರ್ಕಾರದ ಕೆಲಸಗಾರರ ವಿಮೆಯಾದ ಎಂಪ್ಲಾಯ್‌ಮೆಂಟ್ ಇನ್ಶೂರೆನ್ಸ್‌ನಿಂದ 35 ವಾರ ದುಡ್ಡು ಬರುತ್ತೆ, ಸಂಬಳದ ಶೇ. 55ರಷ್ಟು, ಒಂದು ಮಿತಿಯ ತನಕ. ಗಂಡ-ಹೆಂಡತಿ ಹಂಚಿಕೊಂಡರೆ ಒಟ್ಟು 40 ವಾರ. ಆದರೆ ಅದಕ್ಕೆ ಹಿಂದಿನ 52 ವಾರದಲ್ಲಿ 600 ಗಂಟೆ ದುಡಿದಿರಬೇಕು. ಗೋಡೌನ್ ಕೆಲಸವೋ, ಕಾಫಿ ಅಂಗಡಿಯ ಕೌಂಟರೋ, ಆ ವಿಮೆಗೆ ಕಂತು ಕಟ್ಟಿಸಿಕೊಳ್ಳೋ ಕೆಲಸ ಆದ್ರೆ ಸಾಕು. ನಮ್ಮ ಪ್ರಾಂತ್ಯ ಒಂಟಾರಿಯೊದಲ್ಲಿ ಅದೇ ಕಂಪನೀಲಿ 13 ವಾರ ಆಗಿದ್ರೆ 63 ವಾರದ ತನಕ ರಜೆ ಕೇಳೋ ಹಕ್ಕೂ ನಿನಗಿದೆ. ಮನೇಲಿ ಕೂತು ಕಾದೋಳಿಗೆ ಇದ್ಯಾವುದೂ ಸಿಗಲ್ಲ. ನಾಲ್ಕು ತಿಂಗಳು ಮಾಡಿ ಬಿಟ್ಟುಬಿಡೋದೂ ಆಗಲ್ಲ, ಆ ಗಂಟೆಗಳು ಹಳೇದಾಗಿ ಲೆಕ್ಕದಿಂದ ಆಚೆ ಹೋಗ್ತವೆ. ಸರದಿ ಮೂರು ವರ್ಷ ಮೀರಿದರೂ ಆಶ್ಚರ್ಯ ಪಡಬೇಡ. ಅಷ್ಟು ದಿನ ಫೋನ್ ನೋಡ್ತಾ ಕೂರೋಕೆ ಯಾರ ಕೈಲೂ ಆಗಲ್ಲ.

ಆ ಫೋನಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ಯಾರೂ ಮೊದಲೇ ಹೇಳಲ್ಲ. ಮಗುವಿನ ವಿವರ ಬಂದ ಮೇಲೆ ಅನಿವಾಸಿಗಳಿಗೆ ಆ ಮಗುವನ್ನ ಒಪ್ಪಿ ತಮಗಂತ ಕಾಯ್ದಿರಿಸೋಕೆ ಸಿಗೋದು 96 ಗಂಟೆ. ಬೇಸಿಗೇಲಿ ಒಂಬತ್ತೂವರೆ ಗಂಟೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ನಾವು ಭಾರತಕ್ಕಿಂತ ಹಿಂದೆ ಇದ್ದೀವಿ. ಅಲ್ಲಿ ಕಚೇರಿ ಬಾಗಿಲು ತೆಗೆಯೋ ಹೊತ್ತಿಗೆ ಇಲ್ಲಿ ರಾತ್ರಿ. ಮಗುವಿನ ವೈದ್ಯಕೀಯ ವರದಿಯನ್ನ ಮಕ್ಕಳ ಡಾಕ್ಟರಿಗೆ ತೋರಿಸದೆ ಹೂಂ ಅನ್ನೋಕೆ ಮನಸ್ಸು ಬರಲ್ಲ. ಇಲ್ಲಿ ನಾಲ್ಕು ದಿನದೊಳಗೆ ಡಾಕ್ಟರ್ ಸಿಕ್ಕಿದರೆ ನಿನ್ನ ಪುಣ್ಯ. ಅದಕ್ಕೇ ಈಗಲೇ ಊರಿನ ಕಡೆ ಒಬ್ಬರನ್ನ ಮಾತಾಡಿಟ್ಟುಕೊ. ನಮ್ಮ ಮಗಳನ್ನ ದತ್ತು ತಗೊಂಡಾಗ ನಾವು ಮೈಸೂರಿನ ಸರಸ್ವತಿಪುರಂನಲ್ಲಿ ನಮ್ಮಣ್ಣನ ಮಕ್ಕಳನ್ನ ನೋಡ್ತಿದ್ದ ಡಾಕ್ಟರಿಗೇ ಹೇಳಿಟ್ಟಿದ್ವಿ. ವರದಿ ಕಳಿಸಿದ ದಿನ ಸಂಜೆ ಕ್ಲಿನಿಕ್ ಮುಗಿಸಿ ಓದಿದ್ರು. ತೂಕ ಕಮ್ಮಿ ಇರೋದು ಯಾವಾಗ ಚಿಂತೆಯ ವಿಷಯ, ಯಾವಾಗ ಅಲ್ಲ ಅಂತ ಬಿಡಿಸಿ ಹೇಳಿದ್ರು.

ಅತ್ತೆಯವರ ಮಾತು ತಪ್ಪು ಅಂತ ವಾದಕ್ಕೆ ಇಳಿಯಬೇಡ. ನಮ್ಮ ಕಡೆ ತಮ್ಮನ ಮಗುವನ್ನೋ ಭಾವನ ಮಗುವನ್ನೋ ಮಡಿಲಿಗೆ ಹಾಕೋದು ಹಿಂದಿನಿಂದ ಬಂದದ್ದೇ, 1956ರ ಹಿಂದೂ ದತ್ತು ಕಾಯಿದೇಲಿ ಅದಕ್ಕೆ ದಾರಿಯೂ ಇದೆ. ಆದರೆ ಮಂಡ್ಯದಲ್ಲಿ ದತ್ತುಪತ್ರ ನೋಂದಣಿ ಮಾಡಿಸಿದ ಮಾತ್ರಕ್ಕೆ ಮಗು ಟೊರಾಂಟೊ ವಿಮಾನ ಹತ್ತಲ್ಲ. ಭಾರತ, ಕೆನಡಾ ಎರಡೂ ದೇಶದಿಂದ ದೇಶಕ್ಕೆ ದತ್ತು ಕೊಡೋ ಬಗ್ಗೆ ಇರೋ ಹೇಗ್ ಒಪ್ಪಂದಕ್ಕೆ ಒಳಪಟ್ಟ ದೇಶ. ಭಾರತದ ಕೇಂದ್ರ ದತ್ತು ಸಂಸ್ಥೆ ಕಾರಾದ ನಿರಾಕ್ಷೇಪಣಾ ಪತ್ರ ಬೇಕು, ಒಂಟಾರಿಯೊ ಸರ್ಕಾರದ ಒಪ್ಪಿಗೆ ಬೇಕು, ವಲಸೆಗೋಸ್ಕರ ಮಾಡಿದ ದತ್ತು ಅಲ್ಲ ಅಂತ ಇಲ್ಲಿನವರಿಗೆ ಮನವರಿಕೆ ಆಗಬೇಕು. "ಅತ್ತೆ, ವೀಸಾ ಕೊಡಲ್ಲ" ಅಂತ ಒಂದೇ ಮಾತು ಹೇಳು. ನಮ್ಮೂರ ಹಿರಿಯರಿಗೆ ಕಾನೂನಿಗಿಂತ ವೀಸಾ ಬೇಗ ಅರ್ಥ ಆಗುತ್ತೆ.

ಇನ್ನು ಚಳಿ. ಊಟದ್ದು ಯೋಚನೆ ಇಲ್ಲ. ಬ್ರಾಂಪ್ಟನ್‌ನಲ್ಲಿ ರಾಗಿ ಹಿಟ್ಟು ಸಿಗುತ್ತೆ, ಅವರೆಕಾಳು ಫ್ರೀಜರ್‌ನಲ್ಲಿರುತ್ತೆ, ಸಬ್ಬಸಿಗೆ ಸೊಪ್ಪಂತೂ ಬಿಳಿಯರ ಅಂಗಡೀಲೂ ಇದೆ. ಬಸ್ಸಾರಿಗೆ ಏನೂ ಕಮ್ಮಿ ಇಲ್ಲ. ಕಷ್ಟ ಇರೋದು ಬಾಗಿಲಲ್ಲಿ. ಮೈಸೂರಲ್ಲಿ ಬಾಗಿಲು ತೆಗೆದಿದ್ರೆ ಪಕ್ಕದ ಮನೆಯವರು ಬಂದು ಕೂತ್ಕೋತಾರೆ, ಇಲ್ಲಿ ನವೆಂಬರ್‌ನಲ್ಲಿ ಮುಚ್ಚಿದ್ದು ಏಪ್ರಿಲ್‌ಗೆ ತೆಗೆಯೋದು. ನೀನೇ ಮೇಲೆ ಬಿದ್ದು ಹೋಗಬೇಕು. ಪಕ್ಕದವರ ಮುಂದಿನ ಹಿಮವನ್ನೂ ಎರಡು ಸಲಿಕೆ ತೆಗೆದುಹಾಕು, ಮಾತು ತಾನೇ ಶುರುವಾಗುತ್ತೆ. ಹೋಮ್ ಸ್ಟಡಿಗೆ ಬಂದಾಕೆ ನಮ್ಮನ್ನ ಕೇಳಿದ್ದೂ ಬ್ಯಾಂಕ್ ಬಾಕಿಗಿಂತ ಹೆಚ್ಚಾಗಿ ಇದನ್ನೇ: ಮಧ್ಯರಾತ್ರಿ ಮಗುವಿಗೆ ಜ್ವರ ಬಂದ್ರೆ ಯಾರನ್ನ ಕರೀತೀರಿ? ಡ್ರೈವಿಂಗ್ ಕಲಿತುಬಿಡು. ಮಂಡ್ಯದ ಲೈಸೆನ್ಸ್ ಇದ್ರೆ, ಎಷ್ಟು ವರ್ಷದ್ದು ಅಂತ ದೃಢೀಕರಣ ಪತ್ರ ತರಿಸು, ಪರೀಕ್ಷೆಗೆ ಕಾಯೋ ಅವಧಿ ಕಮ್ಮಿ ಆಗುತ್ತೆ. ಮನೆ ಬದಲಾಯಿಸಿದ್ರೆ, ಕೆಲಸ ಬದಲಾದ್ರೆ ಏಜೆನ್ಸಿಗೆ ಅವತ್ತೇ ತಿಳಿಸು. ಹೋಮ್ ಸ್ಟಡಿ ವರದಿಗೆ ಮೂರು ವರ್ಷ ಆಯಸ್ಸು, ಅದೂ ಪರಿಸ್ಥಿತಿ ಹಾಗೇ ಇದ್ರೆ.

ನೀನು ಕೇಳದೆ ಇರೋದು ಒಂದಿದೆ, ಊರಲ್ಲಿ ಕಾಯೋದು. ಕಾರಾದ ನಿರಾಕ್ಷೇಪಣಾ ಪತ್ರ ಬಂದ ಮೇಲೆ ದತ್ತು ಆದೇಶಕ್ಕೆ ಮುಂಚೆಯೇ ಮಗುವನ್ನ ಭಾರತದೊಳಗೆ ನಮ್ಮ ಹತ್ರ ಇಟ್ಟುಕೊಳ್ಳೋಕೆ ಅವಕಾಶ ಇದೆ. 2022ರ ಸೆಪ್ಟೆಂಬರ್‌ನಿಂದ ಆದೇಶ ಕೊಡೋದು ಕೋರ್ಟ್ ಅಲ್ಲ, ಜಿಲ್ಲಾಧಿಕಾರಿ. ಎರಡು ತಿಂಗಳೊಳಗೆ ಅಂತ ಕಾನೂನಿನಲ್ಲಿದೆ. ಆಮೇಲೆ ಮಗುವಿನ ಪಾಸ್‌ಪೋರ್ಟ್, ಆಮೇಲೆ ಕೆನಡಾದ ಕಾಗದ. ನಾನು ಆ ಕಾಲವೆಲ್ಲ ಕುವೆಂಪುನಗರದಲ್ಲಿ ಅತ್ತೆ ಮನೇಲಿದ್ದೆ. ನಮ್ಮ ಮಗಳು ಮಹಾರಾಷ್ಟ್ರದೋಳು, ಮೂರು ವರ್ಷ ತುಂಬಿತ್ತು, ಮರಾಠಿ ಬಿಟ್ಟು ಏನೂ ಬರ್ತಿರಲಿಲ್ಲ. ಮುದ್ದೆ ಕಂಡರೆ ಮುಖ ತಿರುಗಿಸೋಳು, ಅವಲಕ್ಕಿ ಕೊಟ್ರೆ ತಿನ್ನೋಳು. ನಮ್ಮತ್ತೆ ಎರಡೇ ವಾರದಲ್ಲಿ "ಪಾಣಿ, ಝೋಪ್" (ನೀರು, ನಿದ್ದೆ) ಕಲಿತ್ರು. ಬೀದಿಯವರು "ಯಾರ ಥರ ಇದೆ ಮಗು" ಅಂದಾಗ "ಅದರ ಥರ ಅದಿದೆ" ಅಂತ ಅವರೇ ಬಾಯಿ ಮುಚ್ಚಿಸ್ತಿದ್ರು.

ನಿಮ್ಮಿಬ್ಬರಲ್ಲಿ ಯಾರು ಊರಲ್ಲಿರೋದು, ಯಾರು ಇಲ್ಲಿರೋದು ಅಂತ ಈಗಲೇ ಮಾತಾಡಿಕೊಳ್ಳಿ. ನಿಮ್ಮದಿನ್ನೂ ಪಿಆರ್, ಅಂದ್ರೆ ಕಾಯಂ ವಾಸದ ಅನುಮತಿ, ಪೌರತ್ವ ಅಲ್ಲ. ಪಿಆರ್ ಇರೋರು ಕೆನಡಾದಲ್ಲಿ ವಾಸ ಇದ್ದುಕೊಂಡೇ ಮಗುವನ್ನ ಸ್ಪಾನ್ಸರ್ ಮಾಡಬೇಕು, ಇಬ್ಬರೂ ಗಂಟುಮೂಟೆ ಕಟ್ಟಿ ಹೊರಟರೆ ಆಗಲ್ಲ. ಮಗು ಬಂದ ಮೇಲೂ ಎರಡು ವರ್ಷ ವರದಿ ಹೋಗ್ತಿರಬೇಕು, ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ.

ಭಾನುವಾರ ನಿಮ್ಮನೆಯವರನ್ನ ಕರ್ಕೊಂಡು ಊಟಕ್ಕೆ ಬಾ. ಮಗಳಿಗೆ ಚಿಕ್ಕದಾದ ಸ್ನೋ ಸೂಟು, ಬೂಟು, ಟೋಪಿ ಎಲ್ಲ ಎತ್ತಿಟ್ಟಿದ್ದೀನಿ, ತಗೊಂಡು ಹೋಗು. ಕಾರ್ ಸೀಟ್ ಮಾತ್ರ ಹೊಸದೇ ತಗೋಬೇಕು, ಅದಕ್ಕೂ ಮುಗಿಯೋ ತಾರೀಕು ಇರುತ್ತೆ ಇಲ್ಲಿ, ನಮ್ಮದು ಮುಗಿದುಹೋಗಿದೆ.