ರೆಫರೆನ್ಸ್ ಪಟ್ಟಿ ಕಡೀ ರಾತ್ರಿಗೆ ಇಡಬ್ಯಾಡ್ರಿ

ಪ್ರಶ್ನೆ: ಬಾಗಲಕೋಟ್ಯಾಗ ಕಮ್ಯುನಿಟಿ ಮೆಡಿಸಿನ್ ಪಿಜಿ ಮಾಡಾಕತ್ತೀನ್ರಿ ಸರ. ಥೀಸಿಸ್‌ದಿಂದ ಒಂದು ಪೇಪರ್ ತಗದು ಜರ್ನಲ್‌ಗೆ ಕಳಿಸಿದ್ದೆ, ರೆಫರೆನ್ಸ್ ವ್ಯಾಂಕೋವರ್ ಸ್ಟೈಲ್‌ನಾಗ ಇಲ್ಲ ಅಂತ ರಿವ್ಯೂಗೂ ಹಾಕದ ವಾಪಸ್ ಬಂತು. ತಿದ್ದಾಕ ಕುಂತ್ರ ಒಂದು ಪ್ಯಾರಾ ಮ್ಯಾಲ ಕೆಳಗ ಮಾಡೂದ್ರಾಗ ಎಲ್ಲಾ ನಂಬರೂ ಕೆಡ್ತಾವ. ಏನ್ ಮಾಡ್ಲಿ?

ಉತ್ತರ: ತಂಗೀ, ಗಾಬರಿ ಆಗಬ್ಯಾಡ್ರಿ, ನಿಮ್ಮ ಸ್ಟಡಿ ಕೆಟ್ಟೈತಿ ಅಂತ ಅವ್ರು ಹೇಳಿಲ್ಲ, ಪಟ್ಟಿ ತಿದ್ದಿ ಮತ್ತ ಕಳಿಸ್ರಿ ಅಂದಾರ ಅಷ್ಟ. 1978ರಾಗ ಕೆನಡಾದ ವ್ಯಾಂಕೋವರ್ ಊರಾಗ ಒಂದಿಷ್ಟು ಮೆಡಿಕಲ್ ಜರ್ನಲ್ ಎಡಿಟರ್‌ಗಳು ಕೂಡಿ ಮ್ಯಾನುಸ್ಕ್ರಿಪ್ಟ್ ಹೆಂಗಿರಬೇಕು ಅನ್ನೋದಕ್ಕ ಒಂದ ನಮೂನಿ ನಿಯಮ ಮಾಡಿದ್ರು, ಆ ಗುಂಪ ಈಗ ಐಸಿಎಂಜೆಇ, ಅಂದ್ರ ಮೆಡಿಕಲ್ ಜರ್ನಲ್ ಎಡಿಟರ್‌ಗಳ ಅಂತಾರಾಷ್ಟ್ರೀಯ ಸಮಿತಿ, ಆಗೇತಿ, ಸ್ಟೈಲ್‌ಗೆ ಮಾತ್ರ ಊರ ಹೆಸರ ಉಳೀತು. ಬರಿಯೂದ್ರಾಗ ಯಾವ ರೆಫರೆನ್ಸ್ ಮೊದಲ ಬರ್ತೈತೋ ಅದಕ್ಕ 1, ಮುಂದಿಂದಕ್ಕ 2, ಒಮ್ಮೆ ಕೊಟ್ಟ ನಂಬರ್ ಕಡೀತನಕ ಅದಕ್ಕ ಖಾಯಂ. ಎಬಿಸಿಡಿ ಪ್ರಕಾರ ಜೋಡಿಸೋದು ಇಲ್ಲಿಲ್ಲ.

ಒಂದು ಸಾಲು ಬಿಡಿಸಿ ನೋಡೂಣು, ಇದು ಅವ್ರ ಸ್ಯಾಂಪಲ್‌ನಾಗ ಇರೋದ: ಹಾಲ್ಪರ್ನ್ ಎಸ್‌ಡಿ, ಯೂಬೆಲ್ ಪಿಎ, ಕ್ಯಾಪ್ಲನ್ ಎಎಲ್. ಸಾಲಿಡ್-ಆರ್ಗನ್ ಟ್ರಾನ್ಸ್‌ಪ್ಲಾಂಟೇಶನ್ ಇನ್ ಎಚ್‌ಐವಿ-ಇನ್ಫೆಕ್ಟೆಡ್ ಪೇಶಂಟ್ಸ್. ಎನ್ ಇಂಗ್ಲ್ ಜೆ ಮೆಡ್. 2002;347(4):284-7. ಅಡ್ಡಹೆಸರ ಮೊದಲ, ಇನಿಶಿಯಲ್ ಆಮ್ಯಾಲ, ಇನಿಶಿಯಲ್ ನಡುವ ಚುಕ್ಕಿ ಇಲ್ಲ. ಇಂಗ್ಲಿಷ್‌ನಾಗ ಟೈಪ್ ಮಾಡೋವಾಗ ಟೈಟಲ್‌ದ ಮೊದಲನೇ ಅಕ್ಷರ ಅಷ್ಟ ಕ್ಯಾಪಿಟಲ್, ಎಚ್‌ಐವಿಯಂಥಾವು ಬಿಟ್ಟು. ಜರ್ನಲ್ ಹೆಸರ ಪಬ್‌ಮೆಡ್‌ನಾಗ (ವೈದ್ಯಕೀಯ ಪೇಪರ್ ಹುಡುಕೋ ಆನ್‌ಲೈನ್ ಪಟ್ಟಿ) ಹೆಂಗ ಮೊಟಕ ಮಾಡ್ಯಾರೋ ಹಂಗ, ನಿಮ್ಮ ಮನಸ್ಸಿಗೆ ಬಂದಂಗ ಅಲ್ಲ. ಇಸವಿ ಆದ್ಮ್ಯಾಲ ಸೆಮಿಕೋಲನ್, ವಾಲ್ಯೂಮ್, ಕಂಸದಾಗ ಇಶ್ಯೂ, ಕೋಲನ್, ಪುಟ, ನಡುವ ಎಲ್ಲೂ ಜಾಗ ಬಿಡಂಗಿಲ್ಲ. 287 ಅಂತ ಪೂರ್ತಿ ಬರಿಯೂದಿಲ್ಲ, 7 ಸಾಕು. ಲೇಖಕರು ಆರು ಮಂದಿ ತನಕ ಎಲ್ಲಾರ ಹೆಸರೂ ಬರ್ತೈತಿ, ಅದಕ್ಕೂ ಹೆಚ್ಚಿದ್ರ ಆರು ಹೆಸರ ಹಾಕಿ ಎಟ್ ಆಲ್, ಅಂದ್ರ ‘ಮತ್ತ ಉಳಿದವ್ರು’. ಆದ್ರ ಎಎಂಎ (ಅಮೆರಿಕನ್ ಮೆಡಿಕಲ್ ಅಸೋಸಿಯೇಶನ್) ಸ್ಟೈಲ್‌ನಾಗ ಆರಕ್ಕಿಂತ ಹೆಚ್ಚಾದ್ರ ಮೊದಲಿನ ಮೂರ ಹೆಸರ ಅಷ್ಟ, ಅದಕ್ಕ ನೀವು ಕಳಿಸೋ ಜರ್ನಲ್‌ದ ಲೇಖಕರ ಸೂಚನಿ ಮೊದಲ ಓದ್ರಿ, ಬರದು ಮುಗಿಸಿದ ಮ್ಯಾಲ ಅಲ್ಲ.

ನಂಬರ್ ಕೈಲೆ ಹಾಕೋದು ಇವತ್ತ ಬಿಟ್ಟಬಿಡ್ರಿ. ಝೊಟೆರೊ ಅಂತ ಪುಕಟ ಸಾಫ್ಟ್‌ವೇರ್ ಐತಿ, ಡಿಒಐ (ಪೇಪರ್‌ದ ಖಾಯಂ ಡಿಜಿಟಲ್ ಗುರುತಿನ ನಂಬರ್) ಇಲ್ಲಾ ಪಬ್‌ಮೆಡ್ ಐಡಿ ಕೊಟ್ರ ಮಾಹಿತಿ ತಾನ ತುಂಬಕೊಂತೈತಿ, ವರ್ಡ್ ಒಳಗಿಂದ ಸೈಟೇಶನ್ ಹಾಕಿದ್ರ ನೀವು ಪ್ಯಾರಾ ಎಲ್ಲಿಗಿ ಸರಿಸಿದ್ರೂ ನಂಬರ್ ತಾನ ತಿದ್ದಕೊಂತೈತಿ, ಮುಂದ ಬ್ಯಾರೆ ಜರ್ನಲ್‌ಗೆ ಕಳಿಸಬೇಕಂದ್ರ ಸ್ಟೈಲ್ ಬದಲಿ ಮಾಡಿದ್ರ ಇಡೀ ಪಟ್ಟಿ ಬದಲಿ ಆಗ್ತೈತಿ. ಆದ್ರ ತಾನ ತುಂಬಿದ್ದನ್ನ ಕಣ್ಣ ಮುಚ್ಚಿ ನಂಬಬ್ಯಾಡ್ರಿ, ಟೈಟಲ್ ಪೂರಾ ಕ್ಯಾಪಿಟಲ್ ಆಗಿರ್ತೈತಿ, ಇಶ್ಯೂ ನಂಬರ್ ಬಿಟ್ಟಿರ್ತೈತಿ, ಒಂದೊಂದನ್ನೂ ಮೂಲಕ್ಕ ಹಿಡದು ನೋಡ್ರಿ. ಸಬ್ಮಿಟ್ ಮಾಡೋ ಮುಂದ ಫೈಲ್‌ದ ಇನ್ನೊಂದು ಕಾಪಿ ಮಾಡಿ ಅದ್ರಾಗ ಅಷ್ಟ ಅನ್‌ಲಿಂಕ್ ಮಾಡ್ರಿ, ಅಂದ್ರ ಝೊಟೆರೊ ಜೋಡಿ ಇರೋ ಕೊಂಡಿ ಕಡೀರಿ, ಮೂಲ ಫೈಲ್ ಹಂಗ ಇರ್ಲಿ, ರಿವಿಜನ್ ಬಂದಾಗ ಬೇಕಾಗ್ತೈತಿ.

ಟೇಬಲ್‌ದಾಗ ಅಷ್ಟ ಬರೋ ರೆಫರೆನ್ಸ್‌ಗೆ ಭಾಳ ಮಂದಿ ಕಡೀ ನಂಬರ್ ಹಾಕ್ತಾರ, ಅದು ತಪ್ಪು. ಬರಿಯೂದ್ರಾಗ ಆ ಟೇಬಲ್‌ದ ಹೆಸರ ಮೊದಲ ಎಲ್ಲಿ ಬರ್ತೈತೋ ಅಲ್ಲಿಯ ಸರದಿ ನಂಬರ್ ಅದಕ್ಕ ಬರಬೇಕು. ಮತ್ತ ನಿಮ್ಮ ವಿಷಯದಾಗ ಎನ್‌ಎಫ್‌ಎಚ್‌ಎಸ್-5 (ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ) ಅಂಕಿ ಬಂದ ಬರ್ತಾವ, ಅವನ್ನ ಪೇಪರ್ ಸುದ್ದಿಯಿಂದ ಎತ್ತಬ್ಯಾಡ್ರಿ, ಮುಂಬೈದ ಐಐಪಿಎಸ್ (ಜನಸಂಖ್ಯಾ ಅಧ್ಯಯನದ ಸಂಸ್ಥಾ) ತಂದ 2019-21ರ ವರದಿನ ತಗದು ಸಂಸ್ಥಾ ಹೆಸರ್ಲೆ ಸೈಟ್ ಮಾಡ್ರಿ.

ಪ್ರಶ್ನೆ: ಬೆಳಗಾವ್ಯಾಗ ನರ್ಸಿಂಗ್ ಕಲಸ್ತೀನ್ರಿ. ಮೂಲ ಪೇಪರ್ ಓದಾಕ ರೊಕ್ಕ ಕೇಳ್ತಾರ, ಆದ್ರ ಒಂದು ರಿವ್ಯೂ ಆರ್ಟಿಕಲ್‌ದಾಗ ಅದರ ಸಾರ ಐತಿ. ಅಲ್ಲಿಂದ ರೆಫರೆನ್ಸ್ ಎತ್ತಿ ಹಾಕಿದ್ರ ನಡೀತೈತೇನು?

ಉತ್ತರ: ನಡಿಯೂದಿಲ್ರಿ ಅಕ್ಕಾರ, ಇದನ್ನ ನಾನು ಗಟ್ಟಿಯಾಗಿ ಹೇಳ್ತೀನಿ. 1980ರಾಗ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಾಗ ಪೋರ್ಟರ್ ಮತ್ತ ಜಿಕ್ ಅನ್ನೋರು ಐದ ವಾಕ್ಯದ ಒಂದು ಪತ್ರ ಬರದ್ರು. ದವಾಖಾನ್ಯಾಗ ಅಡ್ಮಿಟ್ ಆಗಿ ನಾರ್ಕೋಟಿಕ್ ಔಷಧ ತಗೊಂಡ 11,882 ಮಂದಿಯೊಳಗ ನಾಕ ಮಂದಿಗಿ ಅಷ್ಟ ಚಟ ಹತ್ತಿದ್ದು ದಾಖಲಾಗೇತಿ ಅಂತ. ಮುಂದಿನವ್ರು ಆ ಪತ್ರದ ಮ್ಯಾಲ ನಂಬರ್ ಹಾಕ್ಕೋಂತ ಹೋದ್ರು, ನೋವಿನ ಗುಳಿಗಿಗೆ ಚಟ ಹತ್ತೂದು ಅಪರೂಪ ಅಂತ. 2017ರಾಗ ಅದ ಜರ್ನಲ್‌ದಾಗ ಕೆಲವರು ಆ ಪತ್ರ ಸೈಟ್ ಮಾಡಿದ 608 ಬರಹ ತಗದು ನೋಡಿದ್ರ, ರೋಗಿಗಳು ಅಡ್ಮಿಟ್ ಆಗಿದ್ರು ಅನ್ನೋ ಮಾತನ್ನ ನೂರಕ್ಕ 80ಕ್ಕೂ ಹೆಚ್ಚು ಬರಹದಾಗ ಹೇಳಿರಲೇ ಇಲ್ಲ. ಮನ್ಯಾಗ ತಿಂಗಳಗಟ್ಟಲೆ ಗುಳಿಗಿ ತಗೊಳ್ಳೋರಿಗೂ ವಾರ್ಡ್‌ನಾಗ ಮಲಗಿದವ್ರಿಗೂ ಎಷ್ಟ ಫರಕ್ ಐತಿ ಅಂತ ನಿಮಗ ನಾನು ಹೇಳೂದು ಬ್ಯಾಡ. ಉತ್ತರ ಅಮೆರಿಕದ ಓಪಿಯಾಯ್ಡ್ (ಇಂಥಾ ನಾರ್ಕೋಟಿಕ್ ನೋವಿನ ಔಷಧ) ಅನಾಹುತದಾಗ ಈ ಪತ್ರ ಹಿಂಗ ಸೈಟ್ ಮಾಡಿದ್ದರ ಪಾಲೂ ಐತಿ ಅಂತ ಆ ಲೇಖಕರು ಬರದಾರ. ಐದ ವಾಕ್ಯ ಓದಾಕ ಒಂದ ನಿಮಿಷ ಸಾಕಿತ್ತು.

ಮೂಲ ಸಿಗಾಕ ದಾರಿ ಅದಾವ. ಪಬ್‌ಮೆಡ್ ಸೆಂಟ್ರಲ್‌ನಾಗ ಪುಕಟ ಐತೇನು ನೋಡ್ರಿ, ನಿಮ್ಮ ಕಾಲೇಜ್ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯಕ್ಕ ಸೇರಿದ್ರ ಅವ್ರ ಹೆಲಿನೆಟ್ ಅನ್ನೋ ಆನ್‌ಲೈನ್ ಲೈಬ್ರರಿ ಬಗ್ಗೆ ಲೈಬ್ರರಿಯನ್ ಸಾಹೇಬ್ರಿಗೆ ಕೇಳ್ರಿ, ಕರೆಸ್ಪಾಂಡಿಂಗ್ ಆಥರ್‌ಗೆ ಎರಡ ಸಾಲಿನ ಇಮೇಲ್ ಹಾಕ್ರಿ, ಸಂತೋಷದಿಂದ ಕಳಸೋರು ಭಾಳ ಮಂದಿ. ಏನೂ ಸಿಗಲಿಲ್ಲ ಅಂದ್ರ ನೀವು ಓದಿದ ರಿವ್ಯೂನ ಸೈಟ್ ಮಾಡ್ರಿ, ಓದಿದ್ದು ಅದ ಅಲ್ಲೇನ್ರಿ.

ಪ್ರಶ್ನೆ: ಎಐಗೆ ಕೇಳಿ ರೆಫರೆನ್ಸ್ ತಗೊಂಡೆ, ಪಬ್‌ಮೆಡ್‌ನಾಗ ಹುಡುಕಿದ್ರ ಕೆಲವು ಸಿಗವಲ್ಲವು. ಇಂಟರ್ನ್, ವಿಜಯಪುರ.

ಉತ್ತರ: ಸಿಗೂದಿಲ್ಲ ತಮ್ಮಾ, ಯಾಕಂದ್ರ ಭಾಳ ಮಾಡಿ ಅಂಥಾ ಪೇಪರ್ ಇಲ್ಲವೇ ಇಲ್ಲ. ಖರೆ ಡಾಕ್ಟರ ಹೆಸರ, ಖರೆ ಜರ್ನಲ್, ನಡುವ ಯಾರೂ ಬರೀದ ಟೈಟಲ್, ಇಂಥಾ ಸಾಲು ಎಐ ಹುಟ್ಟಿಸಿ ಕೊಡ್ತೈತಿ, ಕಾಮಾ ಸೆಮಿಕೋಲನ್ ಎಲ್ಲಾ ಬರೋಬ್ಬರಿ ಇರ್ತಾವ. ಸಿಗದಿದ್ದನ್ನ ತಗದ ಒಗಿ. ಸಿಕ್ಕಿದ್ದರ ಅಬ್‌ಸ್ಟ್ರ್ಯಾಕ್ಟ್ ಅಷ್ಟ ಅಲ್ಲ, ಪೂರಾ ಪೇಪರ್ ತಗದು ನಿನ್ನ ವಾಕ್ಯಕ್ಕ ಅದು ಆಧಾರ ಕೊಡ್ತೈತೇನು ನೋಡು. ಹಂಗ ರಿಟ್ರ್ಯಾಕ್ಟ್ ಆಗೇತೇನು ಅಂತಾನೂ ನೋಡು, ಎಂಎಂಆರ್ ಲಸಿಕಿಗೂ ಆಟಿಸಂಗೂ ಗಂಟ ಹಾಕಿದ 1998ರ ಲ್ಯಾನ್ಸೆಟ್ ಪೇಪರ್ 2010ರಾಗ ವಾಪಸ್ ತಗೊಂಡಾರ, ಪಬ್‌ಮೆಡ್‌ನಾಗ ಅದರ ಮ್ಯಾಲ ರಿಟ್ರ್ಯಾಕ್ಟೆಡ್ ಅಂತ ಎದ್ದ ಕಾಣ್ತೈತಿ. ಪಟ್ಟೀಗೆ ಜವಾಬ್ದಾರಿ ಸಹಿ ಮಾಡಿದ ಲೇಖಕರದ್ದ, ಯಂತ್ರದ್ದಲ್ಲ.

ಪ್ರಶ್ನೆ: ನಂಬರ್ ಫುಲ್‌ಸ್ಟಾಪ್ ಮೊದಲ ಬರ್ತೈತೋ ಆಮ್ಯಾಲೋ? ಚಿಕ್ಕೋಡಿ.

ಉತ್ತರ: ಜರ್ನಲ್ ಮ್ಯಾಲ ಐತ್ರಿ. ಎಎಂಎನಾಗ ಫುಲ್‌ಸ್ಟಾಪ್ ಆದ್ಮ್ಯಾಲ ಮ್ಯಾಲ ಎತ್ತಿ ಸಣ್ಣ ಅಕ್ಷರದಾಗ, ಬ್ಯಾರೆ ಕಡೆ ಚೌಕ ಕಂಸದಾಗ ಮೊದಲ. ಅವ್ರ ಹೊಸಾ ಸಂಚಿಕ್ಯಾಗಿನ ಒಂದು ಪೇಪರ್ ಬಾಜೂಕ ತಗದಿಟಕೊಂಡು ಹಂಗ ಹಾಕ್ರಿ.