ಜ್ವರ ಶುರುವಾದದ್ದು ಯಾವತ್ತು?

ಈ ಸಲ ಬಂದ ಕಾಗದಗಳಲ್ಲಿ ಸೊಳ್ಳೆ ಜ್ವರದವೇ ಜಾಸ್ತಿ. ನಾನು ಜಿಲ್ಲಾ ಆಸ್ಪತ್ರೆಯೊಂದರ ಲ್ಯಾಬ್‌ನಲ್ಲಿ ಕೆಲಸ ಮಾಡುವ ಡಾಕ್ಟರ್. ದಿನವಿಡೀ ನೋಡುವುದು ರಕ್ತದ ಟ್ಯೂಬು, ಅದರ ಜೊತೆ ಬರುವ ಚೀಟಿ. ಹಾಗಾಗಿ ಉತ್ತರಗಳೂ ಟೆಸ್ಟ್‌ಗಳ ಸುತ್ತಲೇ ಇವೆ.

*ಮೇಡಂ, ನಮ್ಮ ಯಜಮಾನರಿಗೆ ಜೋರು ಜ್ವರ ಬಂತು. ಡೆಂಗಿ ಟೆಸ್ಟ್ ನೆಗೆಟಿವ್. ವಿಡಾಲ್ ಪಾಸಿಟಿವ್ ಅಂತ ಟೈಫಾಯ್ಡ್‌ಗೆ ಇಂಜೆಕ್ಷನ್ ಕೊಟ್ಟರು. ಜ್ವರ ಬಿಟ್ಟು ಆರು ವಾರ ಆಯಿತು. ಈಗಲೂ ಬೆಳಗ್ಗೆ ಎದ್ದರೆ ಎರಡೂ ಕೈಯ ಬೆರಳು ಮಡಚಲು ಆಗಲ್ಲ, ಹಿಮ್ಮಡಿ ಊರಲು ಆಗಲ್ಲ. ಕೇಳಿದರೆ ‘ವೈರಲ್ ಫೀವರ್, ಹೋಗುತ್ತೆ ಬಿಡಿ’ ಅಂತಾರೆ. ಯಾವ ವೈರಲ್ ಅಂತ ಯಾರೂ ಹೇಳಲ್ಲ.*
*– ಗೃಹಿಣಿ, ಸಿಂಧನೂರು*

ನೀವು ಕೇಳಿದ್ದು ಸರಿಯಾಗಿದೆ ಅಮ್ಮಾ. ಡೆಂಗಿ ನೆಗೆಟಿವ್ ಅಂದರೆ ಆ ದಿನ, ಆ ಟೆಸ್ಟ್‌ಗೆ ಡೆಂಗಿ ಸಿಗಲಿಲ್ಲ ಅಂತ ಅಷ್ಟೇ. ಹಾಗಾದರೆ ಏನು ಬಂದಿತ್ತು ಅನ್ನುವ ಪ್ರಶ್ನೆ ಅಲ್ಲೇ ಉಳಿಯುತ್ತದೆ.

ಎರಡೂ ಕೈಯ ಸಣ್ಣ ಕೀಲುಗಳು, ಬೆಳಗಿನ ಬಿಗಿತ, ವಾರಗಟ್ಟಲೆ ನೋವು ಅಂದರೆ ನನಗೆ ಮೊದಲು ನೆನಪಾಗುವುದು ಚಿಕೂನ್‌ಗುನ್ಯಾ. 2006ರಲ್ಲಿ ನಮ್ಮ ರಾಜ್ಯ ಒಂದರಲ್ಲೇ ಏಳು ಲಕ್ಷಕ್ಕಿಂತ ಜಾಸ್ತಿ ಜನರಿಗೆ ಅದು ಬಂದಿರಬಹುದು ಎಂದು ದಾಖಲಾಗಿತ್ತು. ಊರಿಗೆ ಊರೇ ಗೋಡೆ ಹಿಡಿದು ನಡೆಯುತ್ತಿತ್ತು. ಆಮೇಲೆ ಡೆಂಗಿಯ ಗದ್ದಲದಲ್ಲಿ ಇದನ್ನು ಮರೆತುಬಿಟ್ಟೆವು. ಕಾಯಿಲೆ ಮಾತ್ರ ಎಲ್ಲೂ ಹೋಗಿಲ್ಲ. ಎರಡನ್ನೂ ಹರಡುವುದು ಹಗಲು ಕಚ್ಚುವ ಅದೇ ಈಡಿಸ್ ಸೊಳ್ಳೆ.

ಈಗಲೂ ಕಾಲ ಮಿಂಚಿಲ್ಲ. ಚಿಕೂನ್‌ಗುನ್ಯಾ ಬಂದು ಎರಡು ಮೂರು ತಿಂಗಳವರೆಗೂ ರಕ್ತದಲ್ಲಿ ಐಜಿಎಂ ಅನ್ನುವ ಪ್ರತಿಕಾಯ (ವೈರಸ್ ಎದುರಿಸಲು ದೇಹ ತಯಾರಿಸುವ ವಸ್ತು) ಇರುತ್ತದೆ. ಜಿಲ್ಲಾ ಆಸ್ಪತ್ರೆಗೆ ಹೋಗಿ ‘ಚಿಕೂನ್‌ಗುನ್ಯಾ ಐಜಿಎಂ ಎಲೈಸಾ’ ಮಾಡಿ ಅಂತ ಕೇಳಿ. ಅದೂ ನೆಗೆಟಿವ್ ಬಂದು ನೋವು ಹಾಗೇ ಇದ್ದರೆ ಕೀಲುವಾತದ ತಜ್ಞರಿಗೆ ತೋರಿಸಿ. ರುಮಟಾಯ್ಡ್ ಸಂಧಿವಾತವೂ ಹೀಗೇ ಶುರುವಾಗಬಹುದು.

ವಿಡಾಲ್ ಬಗ್ಗೆ ನನಗೆ ನಿಜಕ್ಕೂ ಬೇಸರವಿದೆ. ಒಂದೇ ಒಂದು ಸಲ ಮಾಡಿದ ವಿಡಾಲ್ ನಂಬಿ ಟೈಫಾಯ್ಡ್ ಅನ್ನಬಾರದು. ಹಿಂದೆ ಎಂದೋ ಟೈಫಾಯ್ಡ್ ಬಂದಿದ್ದರೂ, ಬೇರೆ ಜ್ವರ ಇದ್ದರೂ ಅದು ಪಾಸಿಟಿವ್ ತೋರಿಸಬಹುದು. ಟೈಫಾಯ್ಡ್ ಅನುಮಾನ ಇದ್ದರೆ ಆ್ಯಂಟಿಬಯೋಟಿಕ್ ಶುರು ಮಾಡುವ ಮೊದಲೇ ಬ್ಲಡ್ ಕಲ್ಚರ್‌ಗೆ ಕಳಿಸಬೇಕು. ‘ಟೈಫಾಯ್ಡ್’ ಅಂತ ಬರೆದ ತಕ್ಷಣ ಬೇರೆ ಜ್ವರ ಹುಡುಕುವುದು ಅಲ್ಲಿಗೇ ನಿಂತುಹೋಗುತ್ತದೆ.

ಇನ್ನೊಂದು ಮಾತು. ನನ್ನ ಮೇಜಿಗೆ ಬರುವ ಚೀಟಿಗಳಲ್ಲಿ ಎಷ್ಟೋ ಸಲ ‘ಫೀವರ್’ ಅಂತ ಒಂದೇ ಪದ ಇರುತ್ತದೆ. ಜ್ವರ ಶುರುವಾದ ತಾರೀಕು ಇಲ್ಲದಿದ್ದರೆ ಯಾವ ಟೆಸ್ಟ್ ಮಾಡಬೇಕು ಅಂತಲೇ ಗೊತ್ತಾಗಲ್ಲ. ಮೊದಲ ಐದು ದಿನ ರಕ್ತದಲ್ಲಿ ವೈರಸ್ಸೇ ಓಡಾಡುತ್ತಿರುತ್ತದೆ. ಆಗ ಡೆಂಗಿಗೆ ವೈರಸ್ಸಿನ ಪ್ರೋಟೀನ್ ಹುಡುಕುವ ಎನ್ಎಸ್1, ಉಳಿದವಕ್ಕೆ ವೈರಸ್ಸಿನ ಜೀನ್ ಹುಡುಕುವ ಆರ್‌ಟಿ–ಪಿಸಿಆರ್. ಐದು ದಿನ ದಾಟಿದ ಮೇಲೆ ಐಜಿಎಂ. ಎರಡನೇ ದಿನ ಐಜಿಎಂ ಮಾಡಿಸಿದರೆ ನೆಗೆಟಿವ್. ಹತ್ತನೇ ದಿನ ಎನ್ಎಸ್1 ಮಾಡಿಸಿದರೂ ಬಹುಪಾಲು ನೆಗೆಟಿವ್. ಕಾಯಿಲೆ ಇದ್ದೇ ಇರುತ್ತದೆ, ರಿಪೋರ್ಟ್ ಮಾತ್ರ ಇಲ್ಲ ಅನ್ನುತ್ತದೆ. ಅದಕ್ಕೇ ಮನೆಯ ಕ್ಯಾಲೆಂಡರಿನಲ್ಲಿ ಜ್ವರ ಬಂದ ದಿನ ಗುರುತು ಹಾಕಿಡಿ. ಡಾಕ್ಟರ್ ಕೇಳದಿದ್ದರೂ ನೀವೇ ಹೇಳಿ, ಚೀಟಿಯಲ್ಲಿ ಬರೆಸಿ.

ಹುಡುಕಿದರೆ ಸಿಗುತ್ತದೆ ಅನ್ನುವುದಕ್ಕೆ ನಿಮ್ಮ ಜಿಲ್ಲೆಯದೇ ಉದಾಹರಣೆ ಇದೆ. 2022ರ ಡಿಸೆಂಬರ್‌ನಲ್ಲಿ ರಾಯಚೂರು ಜಿಲ್ಲೆಯ ಐದು ವರ್ಷದ ಮಗುವಿಗೆ ಝೀಕಾ (ಇದೂ ಈಡಿಸ್ ಸೊಳ್ಳೆ ಹರಡುವ ವೈರಸ್ಸೇ) ಇದೆ ಅಂತ ಗೊತ್ತಾಯಿತು. ನಮ್ಮ ರಾಜ್ಯದಲ್ಲಿ ಸಿಕ್ಕ ಮೊದಲ ಝೀಕಾ ಅದು. ರಕ್ತ ತೆಗೆದದ್ದು ಡೆಂಗಿ, ಚಿಕೂನ್‌ಗುನ್ಯಾ ನೋಡೋಣ ಅಂತ. ಅಂಥ ಮಾದರಿಗಳಲ್ಲಿ ಒಂದು ಪಾಲನ್ನು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಗೆ ಕಳಿಸುವ ರೂಢಿ ಇದೆ. ಆ ರೂಢಿ ಇದ್ದದ್ದಕ್ಕೆ ಸಿಕ್ಕಿತು. ಮರುವರ್ಷ ಶಿಡ್ಲಘಟ್ಟ ತಾಲ್ಲೂಕಿನ ತಲಕಾಯಲಬೆಟ್ಟದಲ್ಲಿ ಹಿಡಿದ ಸೊಳ್ಳೆಗಳಲ್ಲೇ ಝೀಕಾ ಪತ್ತೆಯಾಯಿತು. ಹುಡುಕಿದ ಕಡೆ ಸಿಗುತ್ತಿದೆ. ಹುಡುಕದ ಊರುಗಳಲ್ಲಿ ಅದಕ್ಕೆ ‘ವೈರಲ್ ಫೀವರ್’ ಅಂತ ಹೆಸರು.

*ನನ್ನ ಮಗಳು ಈಗ ಮೂರು ತಿಂಗಳ ಬಸುರಿ. ಎರಡು ದಿನದಿಂದ ಸಣ್ಣ ಜ್ವರ, ಮೈಮೇಲೆ ಗಂದೆ, ಕಣ್ಣು ಕೆಂಪು. ಡೆಂಗಿ ಇಲ್ಲ ಅಂದರು. ಸುಮ್ನೆ ಹೆದರುತ್ತಿದ್ದೇನಾ?*
*– ತಾಯಿ, ಬೆಂಗಳೂರು*

ಇಲ್ಲ, ಹೆದರುವುದರಲ್ಲಿ ಅರ್ಥವಿದೆ. ನಿಮಗೆ ಆಗಲೇ ಫೋನ್ ಮಾಡಿಸಿ ಹೇಳಿದ್ದೇವೆ. ಬೇರೆಯವರಿಗಾಗಿ ಇಲ್ಲಿ ಬರೆಯುತ್ತೇನೆ.

ಝೀಕಾ ಬಂದ ಬಹುಪಾಲು ಜನರಿಗೆ ಏನೂ ಗೊತ್ತಾಗಲ್ಲ. ಗೊತ್ತಾದರೂ ಇಷ್ಟೇ: ಸಣ್ಣ ಜ್ವರ, ಗಂದೆ, ಕೆಂಪು ಕಣ್ಣು. ಬೇರೆಯವರಿಗೆ ವಾರದಲ್ಲಿ ವಾಸಿ. ಬಸುರಿಗೆ ಬಂದರೆ ಮಗುವಿನ ಮೆದುಳು ಬೆಳೆಯುವುದಕ್ಕೆ ಪೆಟ್ಟು ಬೀಳಬಹುದು. ಆದ್ದರಿಂದ ಬಸುರಿಗೆ ಇಂಥ ಜ್ವರ ಬಂದರೆ ರಕ್ತದ ಜೊತೆ ಮೂತ್ರವನ್ನೂ ಪಿಸಿಆರ್‌ಗೆ ಕಳಿಸಲು ಕೇಳಿ. ರಕ್ತದಲ್ಲಿ ವೈರಸ್ ಬೇಗ ಮಾಯವಾಗುತ್ತದೆ, ಮೂತ್ರದಲ್ಲಿ ಎರಡು ವಾರದವರೆಗೂ ಸಿಗಬಹುದು. ಬರೀ ಐಜಿಎಂ ನಂಬಬೇಡಿ. ಡೆಂಗಿ, ಝೀಕಾ, ವೆಸ್ಟ್ ನೈಲ್ (ಇದೂ ಸೊಳ್ಳೆ ಹರಡುವ ವೈರಸ್) ಎಲ್ಲ ಅಣ್ಣತಮ್ಮಂದಿರ ಹಾಗೆ, ಮುಖದ ಹೋಲಿಕೆ ಜಾಸ್ತಿ. ಐಜಿಎಂ ಟೆಸ್ಟ್ ಒಬ್ಬನನ್ನು ಇನ್ನೊಬ್ಬ ಅಂದುಕೊಳ್ಳುತ್ತದೆ. ಗಂಡನಿಂದಲೂ ಝೀಕಾ ದಾಟಬಹುದು. ಅವರಿಗೆ ಜ್ವರ ಬಂದಿದ್ದರೆ ಅದನ್ನೂ ಹೇಳಿ.

*ಗದ್ದೆ ಬದಿಯಲ್ಲೇ ನಮ್ಮನೆ. ಮೊಮ್ಮಗನಿಗೆ ಜ್ವರ, ವಾಂತಿ, ಆಮೇಲೆ ಫಿಟ್ಸ್ ಬಂತು. ಬೆನ್ನಿನ ನೀರು ತೆಗೀಬೇಕು ಅಂದ್ರು. ಕಾಲು ಬಿದ್ದುಹೋಗುತ್ತೆ ಅಂತ ನಾವು ಒಪ್ಪಲಿಲ್ಲ. ದೇವರ ದಯೆ, ಹುಡುಗ ಹುಷಾರಾದ. ಅದು ಮೆದುಳು ಜ್ವರವೇ?*
*– ರೈತರು, ಮಂಡ್ಯ*

ಮಗು ಹುಷಾರಾದದ್ದು ಕೇಳಿ ತುಂಬಾ ಸಂತೋಷವಾಯಿತು ಯಜಮಾನ್ರೇ. ಆದರೆ ನಿಮ್ಮ ಪ್ರಶ್ನೆಗೆ ಉತ್ತರ ಇದ್ದದ್ದು ಆ ನೀರಿನಲ್ಲಿ. ಜಪಾನೀಸ್ ಮೆದುಳು ಜ್ವರದಲ್ಲಿ ರಕ್ತದಲ್ಲಿ ವೈರಸ್ ಸಿಗುವುದು ತೀರಾ ಅಪರೂಪ. ಬೆನ್ನಿನ ನೀರಿನ ಐಜಿಎಂ ಟೆಸ್ಟೇ ನಂಬಿಕೆಯದು. ಸೂಜಿ ಹಾಕುವುದು ಸೊಂಟದ ಹತ್ತಿರ, ಬೆನ್ನುಹುರಿ ಮುಗಿದ ಜಾಗಕ್ಕಿಂತ ಕೆಳಗೆ. ಕಾಲು ಬಿದ್ದುಹೋಗುತ್ತೆ ಅನ್ನುವ ಹೆದರಿಕೆ ಬೇಡ. ಒಂದೆರಡು ದಿನ ತಲೆನೋವು ಬರಬಹುದು.

ಈ ವೈರಸ್ ಬೆಳ್ಳಕ್ಕಿಯಂಥ ನೀರುಹಕ್ಕಿಗಳಲ್ಲಿ, ಹಂದಿಗಳಲ್ಲಿ ಇರುತ್ತದೆ. ಗದ್ದೆಯ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಅಲ್ಲಿಂದ ನಮಗೆ ತರುತ್ತದೆ. ಅದು ಕಚ್ಚುವುದು ಸಂಜೆ, ರಾತ್ರಿ. ಸೋಂಕು ತಗುಲಿದ ಸುಮಾರು 250 ಜನರಲ್ಲಿ ಒಬ್ಬರಿಗೆ ಮಾತ್ರ ಮೆದುಳಿಗೆ ಹೋಗುತ್ತದೆ. ಹಾಗೆ ಹೋದರೆ ನೂರಕ್ಕೆ 30 ಜನರವರೆಗೂ ಸಾಯಬಹುದು.

ನಮ್ಮ ರಾಜ್ಯಕ್ಕೆ ಈ ಕಾಯಿಲೆ ಹಳೇ ಪರಿಚಯ. ಭಾರತ್ ಬಯೋಟೆಕ್ 2013ರಲ್ಲಿ ತಂದ ಜೆನ್‌ವ್ಯಾಕ್ ಲಸಿಕೆಗೆ ಬಳಸಿದ ವೈರಸ್ ಸಿಕ್ಕಿದ್ದೇ ಕೋಲಾರದ ರೋಗಿಯೊಬ್ಬರಲ್ಲಿ. ಅದೇ ಕೋಲಾರದಲ್ಲಿ, ಮೈಸೂರಿನಲ್ಲಿ ಮೆದುಳು ಜ್ವರದಿಂದ ತೀರಿಕೊಂಡ ಮಕ್ಕಳ ಮೆದುಳಿನಲ್ಲಿ ವೆಸ್ಟ್ ನೈಲ್ ವೈರಸ್ ಸಿಕ್ಕಿತು ಅಂತ 1984ರಲ್ಲಿ ವರದಿಯಾಯಿತು. ಮೇಲೆ ನೋಡಿದರೆ ಎರಡೂ ಒಂದೇ ಥರ. ಪಕ್ಕದ ಕೇರಳದಲ್ಲಿ ವೆಸ್ಟ್ ನೈಲ್ ಮತ್ತೆ ಮತ್ತೆ ಕಾಣುತ್ತಿದೆ. ಇಲ್ಲಿ ಅದನ್ನು ಕೇಳುವವರೇ ಕಡಿಮೆ. ನಮ್ಮ ಮಕ್ಕಳ ಡಾಕ್ಟರುಗಳು ಆ ಹೆಸರನ್ನೂ ಚೀಟಿಯಲ್ಲಿ ಬರೆಯಬೇಕು ಅನ್ನುವುದು ನನ್ನ ಆಸೆ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ತಾಯಿ ಕಾರ್ಡ್ ತೆಗೆದು ನೋಡಿ. ಮೆದುಳು ಜ್ವರದ ಲಸಿಕೆ ಒಂಬತ್ತು ತಿಂಗಳಿಗೆ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು. ಬಿಟ್ಟುಹೋಗಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ.

*ಮಂಗನ ಕಾಯಿಲೆಯೂ ಸೊಳ್ಳೆಯಿಂದ ಬರುತ್ತಾ?*
*– ಪಿಯುಸಿ ವಿದ್ಯಾರ್ಥಿ, ತೀರ್ಥಹಳ್ಳಿ*

ಇಲ್ಲಪ್ಪ, ಅದು ಉಣ್ಣೆ (ಉಣುಗು) ಕಚ್ಚಿ ಬರುವುದು. 1957ರಲ್ಲಿ ನಿಮ್ಮ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲೇ ಮೊದಲು ಗೊತ್ತಾದದ್ದು. ಆದರೆ ವೈರಸ್ ಡೆಂಗಿಯ ಕುಟುಂಬದ್ದೇ. ಚಳಿಗಾಲದಿಂದ ಮಳೆ ಶುರುವಾಗುವವರೆಗೆ ಜ್ವರ ಬಂದರೆ ಕಾಡಿಗೆ, ತೋಟಕ್ಕೆ ಹೋಗಿದ್ದು, ಸತ್ತ ಮಂಗ ಕಂಡಿದ್ದು ಎಲ್ಲ ಡಾಕ್ಟರಿಗೆ ಹೇಳಬೇಕು. ಮೊದಲ ವಾರದಲ್ಲೇ ಪಿಸಿಆರ್ ಆಗಬೇಕು. ದರಗು (ಒಣ ಎಲೆ) ತರಲು ಹೋಗುವ ಮುಂಚೆ ಆರೋಗ್ಯ ಕೇಂದ್ರದಲ್ಲಿ ಕೊಡುವ, ಉಣ್ಣೆ ಹತ್ತದಂತೆ ತಡೆಯುವ ಡೆಪಾ ಎಣ್ಣೆ ಕೈಕಾಲಿಗೆ ಹಚ್ಚಿಕೋ. ಬಂದ ಮೇಲೆ ಬಿಸಿನೀರು, ಸೋಪು ಹಾಕಿ ಸ್ನಾನ ಮಾಡು. ಬಟ್ಟೆಯನ್ನೂ ಬಿಸಿನೀರಿಗೇ ಹಾಕು.